ಗೀಟಿಗೆ ಮುಟ್ಟದ ನೇಕಾರ

"ಗುರುಗಳೇ, ಹೆಸರಾದ ಆಟಗಾರರೆಲ್ಲ ಎತ್ತರದ, ತುಂಬಿದ ಮೈಯ ಆಳುಗಳೇ. ಹಾಗಾದರೆ ಆಟದ ಬಲವಿರುವುದು ಮೈಯ ಅಳತೆಯಲ್ಲಿಯೇ?" ಎಂದು ಶಿಷ್ಯನು ಕೇಳಿದನು.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಚೆಂಡು-ದಾಂಡಿನ ಆಟ ಕಲಿಸುವ ಗರಡಿಯಿತ್ತು. ಒಬ್ಬನು ಚೆಂಡು ಎಸೆಯಬೇಕು, ಎದುರು ಪಕ್ಷದವನು ದಾಂಡಿನಿಂದ ಹೊಡೆಯಬೇಕು. ಎಸೆದ ಚೆಂಡು ಹೊಡೆಯುವವನ ಭುಜಕ್ಕೂ ಮೊಣಕಾಲಿಗೂ ನಡುವೆ ಹಾದುಹೋಗಬೇಕು. ಹಾಗೆ ಹೋಗದೆ ನಾಲ್ಕು ಎಸೆತ ತಪ್ಪಿದರೆ ಎದುರು ಪಕ್ಷಕ್ಕೆ ಒಂದು ಅಂಕ.

ಆ ಗರಡಿಯ ಬಾಗಿಲ ಕಂಬದಲ್ಲಿ ಒಂದು ಗೀಟು ಕೊರೆದಿತ್ತು. ಅದು ಗರಡಿಯ ಮೂಲಪುರುಷನ ಎತ್ತರವೆಂದು ಹೇಳುತ್ತಿದ್ದರು. ಅವನು ಒಂದು ಮುಂಜಾನೆ ಹೊಡೆದ ಚೆಂಡು ಮರುದಿನ ನೆಲ ಮುಟ್ಟಿತೆಂದೂ ಹೇಳುತ್ತಿದ್ದರು. ಅದನ್ನು ಕಂಡವರಿರಲಿ, ಕಂಡವರನ್ನು ಕಂಡವರೂ ಊರಿನಲ್ಲಿರಲಿಲ್ಲ. ಆದರೂ ತಲೆ ಆ ಗೀಟಿಗೆ ಮುಟ್ಟದವನಿಗೆ ಒಳಗೆ ಪ್ರವೇಶವಿರಲಿಲ್ಲ.

ಗರಡಿಯ ಒಡೆಯನು ಪಕ್ಷಪಾತಿಯಲ್ಲ. ಎರಡು ಬೆರಳು ಕಡಮೆಯಾಯಿತೆಂದು ಸ್ವಂತ ತಂಗಿಯ ಮಗನನ್ನೇ ಹಿಂದಕ್ಕೆ ಕಳುಹಿಸಿದ್ದನು. ಯಾರಾದರೂ ಪ್ರಶ್ನಿಸಿದರೆ, ಗೋಡೆಗೆ ತೂಗಿಹಾಕಿದ್ದ ಹಳೆಯ ಗೆಲುವಿನ ದಾಂಡುಗಳನ್ನು ತೋರಿಸಿ, "ಇವುಗಳಲ್ಲಿ ಒಂದಾದರೂ ಕುಳ್ಳನದಿದೆಯೇನು?" ಎನ್ನುತ್ತಿದ್ದನು. ಇರಲಿಲ್ಲ.

ಒಂದು ದಿನ ಒಬ್ಬ ನೇಕಾರನು ಬಂದು ಕಂಬದ ಪಕ್ಕ ನಿಂತನು. ಅವನ ತಲೆ ಗೀಟಿಗಿಂತ ಬಹಳ ಕೆಳಗಿತ್ತು.

"ಏನಪ್ಪಾ, ಮಗ್ಗದ ಗುಂಡಿಯಲ್ಲಿ ಕೂತು ಕೂತು ಅರ್ಧ ಆಳು ಅಲ್ಲೇ ಉಳಿದುಬಿಟ್ಟನೋ?" ಎಂದನು ಒಡೆಯ.

"ಬಂದಿರುವ ಅರ್ಧಕ್ಕೆ ಒಂದು ಚೆಂಡು ಎಸೆದು ನೋಡಿ, ಯಜಮಾನರೇ."

ಒಳಗಿದ್ದವರೆಲ್ಲ ನಕ್ಕರು. ಚೆಂಡನ್ನು ಯಾರೂ ಎಸೆಯಲಿಲ್ಲ. ನೇಕಾರನು ನೆರೆಯೂರಿನ ಗರಡಿಗೆ ಹೋದನು.

ಎರಡು ಊರುಗಳ ನಡುವೆ ಆಡುವ ಬಯಲು ಒಂದೇ ಇತ್ತು. ಅದು ಯಾರದೆಂಬ ಜಗಳ ಬೆಳೆದು, ಒಂದು ಪಂದ್ಯವಾಗಲಿ, ಸೋತವರು ಬಯಲು ಬಿಟ್ಟು ಗರಡಿ ಮುಚ್ಚಲಿ ಎಂದು ಹಿರಿಯರು ತೀರ್ಮಾನಿಸಿದರು.

ಪಂದ್ಯದ ದಿನ ಕೊನೆಯವರೆಗೂ ಅಂಕಗಳು ಸಮವಾಗಿದ್ದವು. ನೆರೆಯೂರಿನ ಪಕ್ಷದಲ್ಲಿ ಹೊಡೆಯಬೇಕಾದವನು ಒಬ್ಬನೇ ಉಳಿದಿದ್ದನು. ಅವನಿಗೆ ಅಂಕ ಸಿಗದಿದ್ದರೆ ಎರಡು ಗರಡಿಗಳೂ ಉಳಿಯುತ್ತಿದ್ದವು. ಸಿಕ್ಕರೆ, ಒಡೆಯನಿಗೆ ತಲೆತಲಾಂತರದಿಂದ ಬಂದ ಗರಡಿ ಮುಚ್ಚುತ್ತಿತ್ತು. ದಾಂಡು ಹಿಡಿದು ಬಂದವನು ಆ ನೇಕಾರ.

ಒಡೆಯನು ತನ್ನ ಅತ್ಯುತ್ತಮ ಎಸೆತಗಾರನ ಕೈಗೆ ಚೆಂಡು ಕೊಟ್ಟನು.

ಮೊದಲ ಚೆಂಡು ನೇಕಾರನ ತಲೆಯ ಮೇಲಿಂದ ಹಾರಿಹೋಯಿತು. ಜನ ನಕ್ಕರು, ಒಡೆಯನೂ ನಕ್ಕನು. ಎರಡನೆಯದು ಕಿವಿಯ ಮಟ್ಟದಲ್ಲಿ ಹೋಯಿತು. ಒಡೆಯನ ನಗು ನಿಂತಿತು. ಆ ಎಸೆತಗಾರನ ತೋಳನ್ನು ಪಳಗಿಸಿದವನು ತಾನೇ. ಅದು ಕಲಿತದ್ದು ಎತ್ತರದ ಆಳುಗಳ ಎದೆಯ ಮಟ್ಟವನ್ನು ಮಾತ್ರ. ಗಿಡ್ಡನೊಬ್ಬನು ಅದರೆದುರು ಎಂದೂ ನಿಂತಿರಲಿಲ್ಲ.

"ಕೆಳಗೆ ಎಸೆಯೋ, ಕೆಳಗೆ!" ಎಂದು ಕೂಗಿದನು.

ಮೂರನೆಯ ಚೆಂಡು ನೇಕಾರನ ಪಾದದ ಮುಂದೆ ಮಣ್ಣಿಗೆ ಬಡಿಯಿತು. ಎಸೆತಗಾರನು ಅಂಗೈಯ ಬೆವರನ್ನು ಧೋತ್ರಕ್ಕೆ ಒರೆಸಿಕೊಂಡನು. ನೇಕಾರನು ಕದಲದೆ ನಿಂತಿದ್ದನು.

ನಾಲ್ಕನೆಯ ಚೆಂಡು ಕೈಬಿಟ್ಟಿತು. ಇಳಿ, ಇನ್ನೂ ಇಳಿ ಎಂದು ಒಡೆಯನು ಉಸಿರು ಬಿಗಿಹಿಡಿದನು. ಅದು ಇಳಿಯಿತು, ಆದರೆ ಸಾಲುವಷ್ಟಲ್ಲ. ನೇಕಾರನ ಗಲ್ಲವನ್ನು ಸವರುವಂತೆ, ಭುಜದ ಮೇಲೆಯೇ ಹಾದುಹೋಯಿತು.

ತೀರ್ಪುಗಾರನು ಕೈಯೆತ್ತಿ ಅಂಕ ಕೊಟ್ಟನು. ಆ ಸಂಜೆಯೇ ಒಡೆಯನು ಗರಡಿಗೆ ಬೀಗ ಹಾಕಿದನು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

"ಗುರುಗಳೇ, ನೇಕಾರನು ದಾಂಡು ಬೀಸಲೇ ಇಲ್ಲ. ಅವನು ನಿಜಕ್ಕೂ ಒಳ್ಳೆಯ ಆಟಗಾರನೋ ಅಲ್ಲವೋ?"

"ಗರಡಿಯ ಒಡೆಯನಿಗೂ ಅದು ತಿಳಿಯದು ಮಗು, ಅವನು ಒಮ್ಮೆಯೂ ಆಡಿಸಿ ನೋಡಲಿಲ್ಲ" ಎಂದರು ಗುರುಗಳು.