ಮೊಳೆ ಹೊಡೆದದ್ದೆಲ್ಲ ಮಾಲೀಕರದ್ದು

ದಾವಣಗೆರೆಯ ವಠಾರವೊಂದರಲ್ಲಿ ಅಂಚೆ ಕಚೇರಿಯ ಗುಮಾಸ್ತನೊಬ್ಬ ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದ. ಹೆಂಡತಿ ಗಿರಿಜಮ್ಮ ತೀರಿಕೊಂಡು ತಿಂಗಳಾಗಿತ್ತು, ಅಷ್ಟೇ. ಮನೆ ಮಾಲೀಕ ಚನ್ನವೀರಪ್ಪ ಬಾಗಿಲಿಗೆ ಬಂದ.

"ಮುಂದಿನ ತಿಂಗಳಿಂದ ಬಾಡಿಗೆ ಡಬಲ್. ಆಗದಿದ್ರೆ ಖಾಲಿ ಮಾಡ್ರಿ."

"ಕರಾರು ಮುಗಿಯೋಕೆ ಇನ್ನೂ ಏಳು ತಿಂಗಳಿದೆಯಲ್ಲ ಸೌಕಾರ್ರೇ?"

"ಕರಾರಲ್ಲಿ ಇನ್ನೊಂದೂ ಇದೆ. ಗೋಡೆಗೆ ಮೊಳೆ ಹೊಡೆದು ಹಾಕಿದ್ದೆಲ್ಲ ನಂದು. ಹೋಗುವಾಗ ಒಂದನ್ನೂ ಮುಟ್ಟಂಗಿಲ್ಲ."

ಗುಮಾಸ್ತ ತಲೆಯಾಡಿಸಿ ಒಳಗೆ ಕರೆದ. ಮಾಲೀಕ ಚಪ್ಪಲಿ ಕಾಲಲ್ಲೇ ಬಂದ.

"ನೋಡ್ಕೊಳ್ಳಿ. ಈ ಶೆಲ್ಫು ನಿಮ್ಮದು. ಈ ಕನ್ನಡಿ ನಿಮ್ಮದು. ಇವಳ ಫೋಟೋನೂ ಮೊಳೆ ಮೇಲೇ ಇದೆ, ಅದೂ ನಿಮ್ಮದೇ. ದಿನಾ ಸಂಜೆ ದೀಪ ಹಚ್ಚಿ, ಅವಳಿಗೆ ಕತ್ತಲೆ ಅಂದ್ರೆ ಭಯ. ವರ್ಷದ ತಿಥಿಗೆ ಮಾತ್ರ ನನ್ನನ್ನೂ ಊಟಕ್ಕೆ ಕರೀರಿ."

ಚನ್ನವೀರಪ್ಪ ಫೋಟೋ ನೋಡಿದ. ಪ್ರತಿ ಯುಗಾದಿಗೂ ಅವನ ಮನೆಗೆ ಹೋಳಿಗೆ ತಂದುಕೊಡುತ್ತಿದ್ದ ಹೆಂಗಸು. ಅವನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದು ಕೈಮುಗಿದ.

"ಕರಾರು ಮುಗೀಲಿ ಬಿಡ್ರಿ," ಅಂದವನೇ ಹೊರಟುಹೋದ.

ಗುಮಾಸ್ತನಿಗೆ ಗೆದ್ದ ಖುಷಿ ತಡೆಯಲಾಗಲಿಲ್ಲ. "ಕೇಳಿಸ್ತೇನೇ?" ಎಂದು ಅಡುಗೆಮನೆ ಕಡೆ ಕೂಗಿದ.

ಕೂಗಿದ ಮೇಲೆ ನೆನಪಾಯಿತು.