ಗಾಜಿನ ಹಾರ ಆರಿಸಿದವನು

“ನಾಡಿನ ಜನರೆಲ್ಲ ಕೇಳಿ! ಅರಸುಕುವರಿ ಹೊನ್ನಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಕೊಡಲಾಗುವುದು. ಒಂದು ತಪ್ಪಿದರೂ ಸೆರೆ, ಬರುವ ಅಮಾವಾಸ್ಯೆಗೆ ತಲೆದಂಡ.”

ಮಣಿಗಡದ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ಒಗಟು ಮಗಳದು, ತಲೆದಂಡದ ಶರತ್ತು ಅರಸ ಭೈರಭೂಪನದು. ಹಿಂದಿನ ವರ್ಷ ದೊಡ್ಡಕೆರೆಯ ಏರಿ ಒಡೆದಾಗ ಅರಸ ಅರಮನೆಯ ವಜ್ರಗಳನ್ನೆಲ್ಲ ಗುಟ್ಟಾಗಿ ಮಾರಿ ಏರಿ ಕಟ್ಟಿಸಿದ್ದ. ವಜ್ರವಿಲ್ಲದ ಅರಮನೆ ಎಂದು ಜನ ಆಡಿಕೊಂಡಾರು ಎಂಬ ನಾಚಿಕೆ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಮಗಳೋ, ಮದುವೆಗೆ ಗಾಜಿನ ಹರಳಿನ ಹಾರವನ್ನೇ ಹಾಕಿಕೊಳ್ಳುತ್ತೇನೆ, ಅದರಲ್ಲಿ ಒಳ್ಳೆಯದನ್ನು ಆರಿಸಬಲ್ಲವನೇ ನನಗೆ ಗಂಡ ಎಂದು ಹಟ ಹಿಡಿದಳು. ಆ ಮದುವೆ ನಡೆದರೆ ಗುಟ್ಟು ಬಯಲಾಗುತ್ತಿತ್ತು. ತಲೆದಂಡವೆಂದರೆ ಯಾರೂ ಬರಲಾರರು, ಮಾತು ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡ ಅರಸ.

ಆದರೂ ಬಂದರು. ರತ್ನವ್ಯಾಪಾರಿಯ ಮಗ ಬಂದು ಸೆರೆ ಸೇರಿದ. ಪಾಳೆಯಗಾರನ ಮಗನೂ ಸೇರಿದ. ಆಮೇಲೆ ಬಂದವನು ಬಯಲಾಟದಲ್ಲಿ ರಾಜನ ವೇಷ ಹಾಕುತ್ತಿದ್ದ ಕೆಂಚಣ್ಣ. ಅವನೂ ಹೊರಗೆ ಬರಲಿಲ್ಲ.

ಕೆಂಚಣ್ಣನ ತಮ್ಮ ಮೂಡಲಗಿರಿ ಅದೇ ಆಟದಲ್ಲಿ ರಾಣಿಯ ವೇಷ ಕಟ್ಟುತ್ತಿದ್ದ. ಅವನಿಗೆ ಮದುವೆಯ ಯೋಚನೆ ಇರಲಿಲ್ಲ. ಅಣ್ಣನನ್ನು ಬಿಡಿಸಿಕೊಳ್ಳಲು ಬೇರೆ ದಾರಿ ಕಾಣದೆ ಅರಮನೆಯ ಮೆಟ್ಟಿಲು ಹತ್ತಿದ.

ಒಡ್ಡೋಲಗದಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಥಳಥಳಿಸುವ ಮೂರು ಹಾರ. ಹೊನ್ನಾಜಮ್ಮಣ್ಣಿ ಅವನ ಮುಖ ನೋಡಿದಳು. ಮೂವರು ಸೆರೆಯಲ್ಲಿರುವುದು ಅವಳ ನಿದ್ದೆ ಕೆಡಿಸಿತ್ತು.

“ಎಲ್ಲರೂ ಇದರ ಮುಖ ನೋಡಿ ಮೆಚ್ಚುತ್ತಾರೆ. ಆದರೆ ಇದರ ಗುಣ ಹೇಳುವುದು ಮುಖವಲ್ಲ. ಮತ್ತೆ ಯಾರನ್ನು ಕೇಳಬೇಕು?”

ವ್ಯಾಪಾರಿಯ ಮಗ ಇದಕ್ಕೆ ಬೆಲೆಯನ್ನು ಕೇಳಬೇಕು ಎಂದು ಹೇಳಿ ಸೋತಿದ್ದ. ಮೂಡಲಗಿರಿ ಹಾರಗಳನ್ನು ಒಂದೊಂದಾಗಿ ಮಗುಚಿದ. ರಾತ್ರಿಯೆಲ್ಲ ಕುಣಿದು ಬೆಳಗ್ಗೆ, ವೇಷದ ಹಾರ ತರಚಿದ ಕೊರಳಿಗೆ ಎಣ್ಣೆ ಸವರಿಕೊಂಡದ್ದು ಅವನಿಗೆ ನೆನಪಾಯಿತು.

“ಬೆನ್ನನ್ನು, ಅಮ್ಮಣ್ಣಿ. ಮುಖ ನೋಡುವವರಿಗೆ, ಬೆನ್ನು ಹಾಕಿಕೊಂಡವರಿಗೆ. ಕಾಣದ ಕಡೆಯನ್ನೂ ನಯ ಮಾಡಿದ್ದರೆ ಮಾಡಿದವನು ಎಲ್ಲೂ ಕಳ್ಳಬಿದ್ದಿಲ್ಲ ಅಂತ ಅರ್ಥ.” ಬೆನ್ನು ತರಿತರಿಯಾಗಿದ್ದ ಒಂದು ಹಾರವನ್ನು ಪಕ್ಕಕ್ಕಿಟ್ಟ.

ಹೊನ್ನಾಜಮ್ಮಣ್ಣಿ ಎರಡನೆಯ ಒಗಟಿಗೆ ಬಂದಳು: “ಇದಕ್ಕೆ ಹಲ್ಲುಗಳಿವೆ. ಕಚ್ಚದಿದ್ದರೆ ಕೆಲಸಕ್ಕೆ ಬಾರದು. ಕಚ್ಚಿದರೆ ಮೈಮೇಲೆ ಇಟ್ಟುಕೊಳ್ಳಲಾಗದು. ಏನಿದು?”

ಪಾಳೆಯಗಾರನ ಮಗ ಬೇಟೆನಾಯಿ ಎಂದಿದ್ದ. ಮೂಡಲಗಿರಿ ಒಂದು ರೇಷ್ಮೆ ಬಟ್ಟೆ ಕೇಳಿ ಪಡೆದು, ಉಳಿದ ಎರಡು ಹಾರಗಳ ಮೇಲೂ ಮೆಲ್ಲಗೆ ಎಳೆದ. ಒಂದರಲ್ಲಿ ಎಳೆ ಸಿಕ್ಕಿಕೊಂಡಿತು. ಇನ್ನೊಂದರ ಮೇಲೆ ಬಟ್ಟೆ ನೀರಿನಂತೆ ಜಾರಿತು.

“ಹರಳನ್ನು ಹಿಡಿದಿರುವ ಲೋಹದ ಹಲ್ಲು. ಹರಳನ್ನು ಗಟ್ಟಿಯಾಗಿ ಕಚ್ಚಿರಬೇಕು, ಸೀರೆಯನ್ನು ಕಚ್ಚಬಾರದು.” ಕೊನೆಯ ಹಾರವನ್ನು ಕಿವಿಯ ಹತ್ತಿರ ಅಲ್ಲಾಡಿಸಿದ. ಒಂದು ಹರಳೂ ಗಿಲಕೆನ್ನಲಿಲ್ಲ. ಅದನ್ನು ಅವಳ ಮುಂದಿಟ್ಟ.

ಹೊನ್ನಾಜಮ್ಮಣ್ಣಿ ತಲೆದೂಗಿದಳು. ಆಮೇಲೆ ತಂದೆಯ ಕಡೆ ನೋಡದೆ ಕೇಳಿದಳು: “ಸುಳ್ಳಾಗಿ ಹುಟ್ಟಿದ ಹರಳು ಯಾವಾಗ ಸುಳ್ಳಲ್ಲ?”

ಅರಸನ ಕೊರಳಲ್ಲಿದ್ದಾಗ, ಏಕೆಂದರೆ ಆಗ ಯಾರೂ ಅನುಮಾನಿಸುವುದಿಲ್ಲ ಎಂದಿದ್ದ ಕೆಂಚಣ್ಣ. ಭೈರಭೂಪನಿಗೆ ಆ ಉತ್ತರ ಹಿಡಿಸಿತ್ತು. ಮಗಳು ತಲೆಯಾಡಿಸಿ ಅಲ್ಲ ಎಂದಿದ್ದಳು.

ಮೂಡಲಗಿರಿ ಅರಸನ ಕೊರಳು ನೋಡಿದ. ಅಲ್ಲಿ ಹೊಳೆಯುತ್ತಿದ್ದುದೂ ಗಾಜೇ ಎಂದು, ಗಾಜು ತೊಟ್ಟು ಪಳಗಿದ ಅವನಿಗೆ ಗೊತ್ತಾಯಿತು. ಉತ್ತರ ಹೇಳಿದರೆ ಅರಸನ ಗುಟ್ಟಿಗೇ ಕೈಹಾಕಿದಂತೆ, ಹೇಳದಿದ್ದರೆ ಅಣ್ಣನಿಲ್ಲ.

“ಹಾಕಿಕೊಂಡವರು ಇದು ಗಾಜು ಅಂತ ಬಾಯಿಬಿಟ್ಟು ಹೇಳಿದಾಗ, ಅಮ್ಮಣ್ಣಿ. ನಾನು ರಾಣಿ ವೇಷ ಕಟ್ಟಿ ಬಂದರೆ ಜನ ಕೈಮುಗೀತಾರೆ. ಕೊರಳಲ್ಲಿರೋದು ಗಾಜು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ಯಾರಿಗೂ ಮೋಸವಾಗಿಲ್ಲ. ಅದನ್ನೇ ವಜ್ರ ಅಂದ ದಿನ ನಾನು ಕಳ್ಳ.”

ಅವಳು ಸರಿ ಎಂದಳು. ಅವಳ ಕಣ್ಣು ತುಂಬಿತ್ತು.

ಭೈರಭೂಪ ತನ್ನ ಹಾರ ಬಿಚ್ಚಿ ಅದೇ ತಟ್ಟೆಯಲ್ಲಿಟ್ಟ. “ವಜ್ರ ಮಾರಿದವನು ನಾನೇ. ಏರಿ ಕಟ್ಟಿಸಲು ಬೇರೆ ಏನೂ ಇರಲಿಲ್ಲ.”

“ಅದು ನಮಗೆಲ್ಲ ಗೊತ್ತಿತ್ತು, ಬುದ್ಧಿ,” ಎಂದ ಮುದುಕ ಮಂತ್ರಿ. “ನಿಮ್ಮ ಮನಸ್ಸು ನೊಂದೀತು ಅಂತ ಸುಮ್ಮನಿದ್ದೆವು.”

ಅರಸನಿಗೆ ನಗು ಬಂತು. ಏನು ಬೇಕೆಂದು ಮೂಡಲಗಿರಿಯನ್ನು ಕೇಳಿದ. ಅವನು ಸೆರೆಯ ಮೂವರ ತಲೆ ಉಳಿಯಬೇಕು, ಅಷ್ಟೇ ಎಂದ. ಬಾಗಿಲು ತೆರೆಸಿದರು. ಕೆಂಚಣ್ಣ ತಮ್ಮನನ್ನು ಅಪ್ಪಿಕೊಂಡು ಮಗುವಿನಂತೆ ಅತ್ತ.

ಮದುವೆಯ ಮಾತು ಬಂದಾಗ ಹುಡುಗ ನಾಚಿದ. ಡಂಗುರ ಸಾರಿದ್ದು ಪಕ್ಕಕ್ಕಿರಲಿ, ಅಮ್ಮಣ್ಣಿಯವರಿಗೆ ಮನಸ್ಸಿದ್ದರೆ ಮಾತ್ರ ಎಂದ. ಅವಳು ನಕ್ಕು, ಅವನು ಆರಿಸಿದ ಹಾರವನ್ನು ಕೈಗೆತ್ತಿಕೊಂಡಳು.

ಧಾರೆಯ ದಿನ ಊರಿಗೆ ಊರೇ ನೆರೆಯಿತು. ಒಬ್ಬಳು ಅಜ್ಜಿ ನೂಕುನುಗ್ಗಲಲ್ಲೇ ಮುಂದೆ ಬಂದು, ಮದುಮಗಳ ಕೊರಳಿಗೆ ಮುಖ ಹತ್ತಿರ ತಂದು, ಇದು ನಿಜವಾದ ವಜ್ರವೇನವ್ವಾ ಎಂದು ಕೇಳಿದಳು.

“ಗಾಜು, ಅಜ್ಜಿ.”

ಅಜ್ಜಿ ಇನ್ನೊಮ್ಮೆ ನೋಡಿದಳು. “ಚೆನ್ನಾಗೈತೆ. ಎಲ್ಲಿ ಸಿಗುತ್ತೆ ಹೇಳವ್ವ. ಬರೋ ತಿಂಗಳು ನಮ್ಮ ಮೊಮ್ಮಗಳ ಮದುವೆ.”