ಸತ್ತ ಮೇಲೂ ಒನ್ಸ್ ಮೋರ್

“ಗುರುಗಳೇ, ಅಂಥ ಹಾಡುಗಾರಿಕೆ ಲೋಕದಲ್ಲಿ ಇರುವಾಗ ನಾನು ಹಾಡುವುದು ಯಾತಕ್ಕೆ?”

ಹೀಗೆ ಕೇಳಿದವನು ಕಳಕಪ್ಪ. ಅಂದಾನಪ್ಪ ಗುರುಗಳ ಬಳಿ ನಾಟಕದ ಪದ ಕಲಿಯುತ್ತಿದ್ದವನು. ಹೋದ ವಾರ ಪಟ್ಟಣಕ್ಕೆ ಹೋಗಿ, ಪರದೇಶದ ಸಂಗೀತ ನಾಟಕವೊಂದರ ಸಿನಿಮಾ ನೋಡಿ ಬಂದಿದ್ದ. ಅಂದಿನಿಂದ ಅವನ ಬಾಯಿಗೆ ಬೀಗ ಬಿದ್ದಿತ್ತು. ಸಂಜೆಯಾದರೆ ಓಣಿಯ ಜನ ಗುರುಗಳ ಮನೆಯ ಕಟ್ಟೆಯ ಮೇಲೆ ಬಂದು ಕೂತು, ಕಳಕಪ್ಪಾ ಒಂದು ಪದ ಹೇಳು ಎನ್ನುತ್ತಿದ್ದರು. ಅವನು ಗಂಟಲು ಕೆಟ್ಟಿದೆ ಎನ್ನುತ್ತಿದ್ದ. ಈಗಲೂ ಜನ ಹೊರಗೆ ಕೂತಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುತ್ತ ಗುರುಗಳು ಹಾರ್ಮೋನಿಯಂ ಪೇಟಿಯನ್ನು ಪಕ್ಕಕ್ಕೆ ಸರಿಸಿದರು. ಕೆಟ್ಟಿದ್ದು ಗಂಟಲಲ್ಲ, ತಲೆ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ ಎಂದು ಶುರು ಮಾಡಿದರು.

ಒಂದು ನಾಟಕ ಕಂಪನಿ. ಅದರಲ್ಲಿ ಒಬ್ಬ ನಟಿ. ವಿಷ ಕುಡಿದ ರಾಣಿ ಹಾಡುತ್ತ ಹಾಡುತ್ತ ಸಾಯುವ ಪಾತ್ರ ಅವಳದು. ಅವಳು ಸತ್ತು ಬಿದ್ದ ಕೂಡಲೇ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಅವಳು ಏಳುತ್ತಿದ್ದಳು, ಸೆರಗು ಸರಿ ಮಾಡಿಕೊಳ್ಳುತ್ತಿದ್ದಳು, ಅದೇ ಪದವನ್ನು ಇನ್ನೊಮ್ಮೆ ಹಾಡಿ ಇನ್ನೊಮ್ಮೆ ಸಾಯುತ್ತಿದ್ದಳು. ನಗಬೇಡ, ಕಳಕಪ್ಪ. ಎರಡನೆಯ ಸಲ ಸತ್ತಾಗಲೇ ಜನ ಹೆಚ್ಚು ಅಳುತ್ತಿದ್ದರು.

ಕಾಲ ಬದಲಾಯಿತು. ಮುಂದಿನ ಸಾಲಿನಲ್ಲಿ ಕೂತ ಕೆಲವರು, ಹೆಣ ಎದ್ದು ಹಾಡುತ್ತದೆ ನೋಡಿ ಎಂದು ನಗತೊಡಗಿದರು. ಕಂಪನಿಯ ಮಾಲೀಕನಿಗೆ ಮುಖಭಂಗವಾಯಿತು. ಸತ್ತ ಮೇಲೆ ಸತ್ತೇ ಇರಬೇಕು ಎಂದು ಅವಳಿಗೆ ತಾಕೀತು ಮಾಡಿದ. ಅವಳು ಒಪ್ಪಿದಳು. ಆದರೆ ಜನ ಕೂಗುತ್ತಿರುವಾಗ ಕಣ್ಣು ಮುಚ್ಚಿ ಬಿದ್ದಿರುವುದು ಅವಳಿಗೆ ಬಹಳ ಕಷ್ಟವಾಯಿತು. ಜೀವಮಾನವೆಲ್ಲ ತಾನು ಮಾಡಿದ್ದು ನಗೆಪಾಟಲಿನ ಕೆಲಸವೇ ಎಂದು ನಾಚಿಕೊಂಡಳು. ಬರಬರುತ್ತ ಜನರ ಕೂಗು ನಿಂತಿತು, ಅವಳ ದನಿಯೂ ಅರ್ಧಕ್ಕೆ ಇಳಿಯಿತು. ಈ ಊರಿನ ಕ್ಯಾಂಪು ಮುಗಿದರೆ ಸಾಕು, ಇನ್ನು ಬಣ್ಣ ಹಚ್ಚುವುದಿಲ್ಲ ಎಂದು ಮನಸ್ಸು ಮಾಡಿದಳು.

ಕಂಪನಿ ಡೇರೆ ಹಾಕಿದ್ದ ಆ ಊರಿನಲ್ಲಿ ಅವಳ ತಂಗಿಯ ಮನೆ ಇತ್ತು. ಅಕ್ಕನ ಸಪ್ಪೆ ಮುಖ ನೋಡಲಾರದೆ ತಂಗಿ ಅವಳನ್ನು ಒಂದು ಸಿನಿಮಾಕ್ಕೆ ಕರೆದುಕೊಂಡು ಹೋದಳು. ಪರದೇಶದ ರಂಗದ ಮೇಲೆ ಆಡಿದ ನಾಟಕವನ್ನು ಇದ್ದ ಹಾಗೆಯೇ ಚಿತ್ರ ಹಿಡಿದಿದ್ದರು. ಅದರಲ್ಲಿ ಮಾತೇ ಇಲ್ಲ, ಎಲ್ಲವೂ ಹಾಡು. ಬಾಗಿಲು ತೆಗೆ ಎನ್ನುವುದಕ್ಕೂ ಹಾಡು, ನೀರು ಕೊಡು ಎನ್ನುವುದಕ್ಕೂ ಹಾಡು. ರಂಗದ ಮುಂದೆ ತಗ್ಗಿನಲ್ಲಿ ಪಿಟೀಲಿನವರು ಒಂದು ದಿಬ್ಬಣದಷ್ಟು ಮಂದಿ. ಅನ್ನ ನೀರು ಬಿಟ್ಟು ಸೊರಗಿದ ರಾಣಿ ಇವಳೇ ಎಂದು ತಂಗಿ ತೋರಿಸಿದಳು. ನೋಡಿದರೆ ಅವಳು ಗುಡಾಣದ ಹಾಗೆ ಇದ್ದಳು. ನಟಿಗೆ ನಗು ತಡೆಯಲಾಗಲಿಲ್ಲ.

ಕೊನೆಗೆ ಆ ರಾಣಿಯೂ ವಿಷ ಕುಡಿದಳು. ಕುಡಿದು, ಸಾಯುವುದು ಬಿಟ್ಟು ಹಾಡಿದಳು. ಪಕ್ಕದವರು ಮುಸಿಮುಸಿ ನಕ್ಕರು. ಈ ಸಲ ನಟಿ ನಗಲಿಲ್ಲ. ಭಾಷೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ರಾಣಿ ಉಸಿರು ಎಲ್ಲಿ ಹಿಡಿದಳು, ಎಲ್ಲಿ ಬಿಟ್ಟಳು ಎಂಬುದು ತಿಳಿಯಿತು. ಅರೆ, ಇವಳು ನಮ್ಮವಳು ಎಂದು ಎದೆಯುಬ್ಬಿ ಬಂತು. ರಾಣಿ ಸತ್ತು ಬಿದ್ದಳು, ಅಂಕದ ಪರದೆ ಇಳಿಯಿತು. ನಟಿ ಎದ್ದು ನಿಂತು, ತುಂಬಿದ ಸಿನಿಮಾ ಮಂದಿರದಲ್ಲಿ ‘ಒನ್ಸ್ ಮೋರ್’ ಎಂದು ಕೂಗಿಬಿಟ್ಟಳು.

ಎಲ್ಲರೂ ಗೊಳ್ಳೆಂದು ನಕ್ಕರು. ತಂಗಿ ಸೆರಗು ಜಗ್ಗಿ, ಅಕ್ಕಾ ಇದು ಸಿನಿಮಾ, ಸತ್ತವಳು ಏಳುವುದಿಲ್ಲ ಎಂದಳು. ಅಷ್ಟರಲ್ಲಿ ಅಂಕದ ಪರದೆ ಸರಿಯಿತು. ಸತ್ತ ರಾಣಿ ನಡೆದು ಮುಂದೆ ಬಂದು, ಎದೆಯ ಮೇಲೆ ಕೈಯಿಟ್ಟು ಬಾಗಿದಳು. ಚಿತ್ರದೊಳಗಿನ ಪರದೇಶದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹೆಣ ಎದ್ದಿತು ಎಂದು ಅಲ್ಲಿ ಒಬ್ಬರೂ ನಗಲಿಲ್ಲ. ನಟಿ ಕೈ ಮುಗಿದು, ಮತ್ತೆ ‘ಒನ್ಸ್ ಮೋರ್’ ಎಂದಳು. ರಾಣಿ ಮತ್ತೆ ಬಾಗಿದಳೇ ಹೊರತು ಹಾಡಲಿಲ್ಲ. ಸಿನಿಮಾ ಮುಗಿಯಿತು. ಪಾಪ, ನನ್ನ ಕೂಗು ಅವಳಿಗೆ ಮುಟ್ಟಲಿಲ್ಲ ಎಂದು ನಟಿ ದಾರಿಯುದ್ದಕ್ಕೂ ಮರುಗಿದಳು.

ಮರುದಿನ ಕಂಪನಿಯ ಆಟವಿತ್ತು. ಅವಳು ವಿಷ ಕುಡಿದಳು, ಹಾಡಿದಳು, ಸತ್ತಳು. ಹಿಂದಿನ ಸಾಲಿನಿಂದ ಯಾರೋ ಮುದುಕ ಅಂಜುತ್ತ ಅಂಜುತ್ತ ‘ಒನ್ಸ್ ಮೋರ್’ ಎಂದ. ರಂಗದ ಪಕ್ಕದ ಸೈಡ್ ವಿಂಗಿನಲ್ಲಿ ನಿಂತ ಮಾಲೀಕ ಬೇಡ ಬೇಡ ಎಂದು ಕೈಯಾಡಿಸಿದ. ಅವಳು ಎದ್ದಳು. ಸೆರಗು ಸರಿ ಮಾಡಿಕೊಂಡಳು. ಪೇಟಿಯವನಿಗೆ ಕಣ್ಣಿನಲ್ಲೇ ಸನ್ನೆ ಮಾಡಿ, ತುಂಬು ದನಿಯಲ್ಲಿ ಎತ್ತಿಕೊಂಡಳು. ಮುಂದಿನ ಸಾಲಿನವರು ನಕ್ಕರು. ಪದ ಅರ್ಧಕ್ಕೆ ಬರುವಷ್ಟರಲ್ಲಿ ಅವರ ನಗು ನಿಂತಿತ್ತು.

ಒಳಗೆ ಬಂದಾಗ ಮಾಲೀಕ ಕೆಂಡವಾಗಿದ್ದ. ಸತ್ತವಳು ಯಾಕೆ ಎದ್ದೆ ಎಂದು ಗದರಿದ.

“ಸಾಹುಕಾರ್ರೇ, ನಿನ್ನೆ ಸಿನಿಮಾದಲ್ಲಿ ಒಬ್ಬ ರಾಣಿಯನ್ನು ನೋಡಿದೆ. ಹಾಡಿನಲ್ಲಿ ನನಗಿಂತ ದೊಡ್ಡವಳು, ಸುಳ್ಳು ಯಾಕೆ ಹೇಳಲಿ. ಆದರೆ ನಾನು ಒನ್ಸ್ ಮೋರ್ ಅಂದರೆ ಅವಳು ಹಾಡಲಾರಳು. ಈ ಮುದುಕ ಅಂದರೆ ನಾನು ಹಾಡಬಲ್ಲೆ. ಕೂಗಿದ್ದು ನನಗೆ ಕೇಳಿಸಿತಲ್ಲ,” ಎಂದಳು ನಟಿ.

ಕ್ಯಾಂಪು ಮುಗಿಯಿತು. ಅವಳು ಬಣ್ಣ ಬಿಡಲಿಲ್ಲ.

ಗುರುಗಳು ಕತೆ ಮುಗಿಸಿ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಕಳಕಪ್ಪ, ಅದೆಲ್ಲ ಸರಿ, ಇಬ್ಬರಲ್ಲಿ ಯಾರ ಹಾಡು ಹೆಚ್ಚಿನದು ಎಂದು ಕೇಳಿದ. ಆಗ ಹೊರಗಿನ ಕಟ್ಟೆಯಿಂದ ಯಾರೋ, ಕಳಕಪ್ಪಾ ಒಂದು ಪದ, ಎಂದರು.

ಗುರುಗಳು ಪೇಟಿಯನ್ನು ಮುಂದಕ್ಕೆ ಎಳೆದುಕೊಂಡರು.

“ಸಿನಿಮಾದವಳಿಗೆ ಕೂಗು ಕೇಳಿಸಲಿಲ್ಲ, ಸರಿ; ನಿನ್ನ ಕಿವಿಗೆ ಏನಾಗಿದೆ?”